ಮಲೆನಾಡಿನ ಯಕ್ಷಗಾನ ಹಿಮ್ಮೇಳ: ಶ್ರುತಿಪೆಟ್ಟಿಗೆ ಮತ್ತು ಧ್ವನಿಯ ಪ್ರಮಾಣ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ಬಡಗುತಿಟ್ಟಿನ ಯಕ್ಷಗಾನಕ್ಕೆ ಘಟ್ಟದ ಮೇಲಿನ ಆಶ್ರಯಭೂಮಿ. ಕರಾವಳಿಯ ವೃತ್ತಿಮೇಳಗಳು ತಿರುಗಾಟದ ಅವಧಿಯಲ್ಲಿ ಘಟ್ಟವೇರಿ ಬಂದು ಇಲ್ಲಿನ ಅಡಿಕೆ ತೋಟಗಳ ನಡುವಿನ ಗದ್ದೆಬಯಲುಗಳಲ್ಲಿ ಆಟವಾಡುತ್ತವೆ. ಮಳೆಗಾಲದಲ್ಲಿ ಊರಿನ ಹವ್ಯಾಸಿಗಳು ಮನೆಯ ಜಗಲಿಯಲ್ಲಿ ತಾಳಮದ್ದಳೆ ನಡೆಸುತ್ತಾರೆ. ಈ ಕಲೆಯ ಪ್ರಸಂಗಸಾಹಿತ್ಯ, ವೇಷಭೂಷಣ, ಕುಣಿತ, ರಾಗತಾಳಗಳನ್ನು ಕುರಿತು ಸಾಕಷ್ಟು ಬರೆಯಲಾಗಿದೆ. ಆದರೆ ಹಿಮ್ಮೇಳದ ನಾದ ಯಾವ ಉಪಕರಣದಿಂದ ಹುಟ್ಟಿ, ಯಾವ ಪ್ರಮಾಣದಲ್ಲಿ ಬೆರೆತು ಪ್ರೇಕ್ಷಕನ ಕಿವಿಗೆ ತಲುಪುತ್ತದೆ ಎಂಬ ಪ್ರಶ್ನೆಗೆ ದೊರೆತ ಗಮನ ಕಡಿಮೆ. ಕಳೆದ ಕೆಲವು ದಶಕಗಳಲ್ಲಿ ಈ ಕಲೆಯೊಳಗೆ ಸದ್ದಿಲ್ಲದೆ ನಡೆದ ದೊಡ್ಡ ಪಲ್ಲಟ ಇರುವುದು ಇಲ್ಲಿಯೇ. ಶ್ರುತಿ ಯಂತ್ರದ ಪಾಲಾಯಿತು. ನಾದದ ಪ್ರಮಾಣವನ್ನು ನಿರ್ಣಯಿಸುವ ಅಧಿಕಾರ ಭಾಗವತರಿಂದ ಮೈಕ್‌ಸೆಟ್ಟಿನವರ ಕೈಗೆ ಜಾರಿತು.

ಬಡಗಿನ ಹಿಮ್ಮೇಳದಲ್ಲಿ ನಾಲ್ಕು ಅಂಗಗಳಿವೆ: ತಾಳ ಹಿಡಿದ ಭಾಗವತರ ಹಾಡುಗಾರಿಕೆ, ಮದ್ದಳೆ, ಚಂಡೆ ಮತ್ತು ಶ್ರುತಿ. ಇವುಗಳಲ್ಲಿ ಕೊನೆಯದು ಕಣ್ಣಿಗೆ ಬೀಳದ ಅಂಗ. ಹಾರ್ಮೋನಿಯಂ ಬರುವ ಮುನ್ನ ಆ ಸ್ಥಾನದಲ್ಲಿ ಪುಂಗಿ ಇತ್ತು. ಒಣಗಿದ ಸೋರೆಬುರುಡೆಗೆ ನಾಲಗೆಯುಳ್ಳ ಕೊಳವೆಯನ್ನು ಸೇರಿಸಿ ಮಾಡಿದ ಈ ಊದುವಾದ್ಯವನ್ನು ಉಸಿರು ಕಡಿಯದಂತೆ ರಾತ್ರಿಯಿಡೀ ನುಡಿಸಬೇಕಾಗಿತ್ತು. ಆಮೇಲೆ ಬಂದ ಹಾರ್ಮೋನಿಯಂ ಕೂಡ ಲೋಹದ ನಾಲಗೆಯ ವಾದ್ಯವೇ. ಯಕ್ಷಗಾನದಲ್ಲಿ ಅದರ ಕೆಲಸ ಬಹುಮಟ್ಟಿಗೆ ಶ್ರುತಿಯನ್ನು ಹಿಡಿದಿಡುವುದಷ್ಟೇ. ಆದರೂ ಅದು ಒಂದು ಪರಿಭಾಷೆಯನ್ನು ಬಿಟ್ಟುಹೋಯಿತು. ‘ಕಪ್ಪು ಎರಡು’, ‘ಬಿಳಿ ನಾಲ್ಕು’ ಎಂದು ಭಾಗವತರು ತಮ್ಮ ಶ್ರುತಿಯನ್ನು ಹೆಸರಿಸುವುದು ಹಾರ್ಮೋನಿಯಮ್ಮಿನ ಮನೆಗಳ ಲೆಕ್ಕದಿಂದ. ಆ ಪೆಟ್ಟಿಗೆ ರಂಗದಿಂದ ಬಹುಮಟ್ಟಿಗೆ ಮರೆಯಾದ ಮೇಲೂ ಈ ಹೆಸರುಗಳು ಉಳಿದಿವೆ.

ಶಾಸ್ತ್ರೀಯ ಸಂಗೀತದ ವೇದಿಕೆಗಾಗಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಅವರ ರೇಡೆಲ್ ಸಂಸ್ಥೆಯ ಮತ್ತು ಅದೇ ಬಗೆಯ ಇತರ ಪೆಟ್ಟಿಗೆಗಳು ಕ್ರಮೇಣ ಯಕ್ಷಗಾನದ ಚೌಕಿಗೂ ಬಂದವು. ಇದಕ್ಕೆ ಹತ್ತು ವರ್ಷ ಮೊದಲೇ, 1969ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಮೂಗ್ ಸಿಂಥಸೈಸರ್ ಇರುವ ಧ್ವನಿಶಾಲೆ ಸ್ಥಾಪನೆಯಾಗಿತ್ತು. ಆ ಯಂತ್ರ ಕೆಲವೇ ಪ್ರಯೋಗಶೀಲರ ನಡುವೆ ಉಳಿಯಿತು. ಅದೇ ತತ್ತ್ವದ ಪುಟ್ಟ ರೂಪವೊಂದು ಮಲೆನಾಡಿನ ಗದ್ದೆಬಯಲನ್ನು ತಲುಪಿದ್ದು ಶ್ರುತಿಪೆಟ್ಟಿಗೆಯ ವೇಷದಲ್ಲಿ.

ಈ ತತ್ತ್ವದ ಮೂಲ ಆಂದೋಲಕ, ತಂತ್ರಜ್ಞರ ಮಾತಿನಲ್ಲಿ ಆಸಿಲೇಟರ್. ನಿಯತವಾದ ವೇಗದಲ್ಲಿ ಏರಿಳಿಯುವ ವಿದ್ಯುತ್ತನ್ನು ಇದು ಉತ್ಪಾದಿಸುತ್ತದೆ. ಆ ಏರಿಳಿತವನ್ನು ಸ್ಪೀಕರಿನ ಪೊರೆ ಗಾಳಿಯ ಕಂಪನವಾಗಿ ಮಾರ್ಪಡಿಸುತ್ತದೆ. ಸೆಕೆಂಡಿಗೆ ಎಷ್ಟು ಆವೃತ್ತಿ ಎಂಬುದು ಶ್ರುತಿಯ ಎತ್ತರವನ್ನು ನಿರ್ಧರಿಸಿದರೆ, ಪ್ರತಿ ಆವೃತ್ತಿಯಲ್ಲಿ ಅಲೆ ಯಾವ ಆಕಾರದಲ್ಲಿ ಏರಿಳಿಯುತ್ತದೆ ಎಂಬುದು ನಾದದ ಬಣ್ಣವನ್ನು ನಿರ್ಧರಿಸುತ್ತದೆ. ನುಣುಪಾದ ಸೈನ್ ಅಲೆಯಲ್ಲಿ ಮೂಲಸ್ವರವೊಂದೇ ಇರುತ್ತದೆ. ಅದು ಬರಿಯ ಸಿಳ್ಳಿನಂತೆ ಕೇಳಿಸುತ್ತದೆ. ಚೌಕಾಕಾರದ ಅಲೆಯಲ್ಲಿ ಮೂಲಸ್ವರದ ಮೂರು, ಐದು, ಏಳು ಪಟ್ಟಿನ ಉಪಸ್ವರಗಳು ಸೇರಿ ಪೊಳ್ಳು ಕೊಳವೆಯ ನಾದ ಬರುತ್ತದೆ. ಗರಗಸದ ಹಲ್ಲಿನಂತಿರುವ ಅಲೆಯಲ್ಲಿ ಎಲ್ಲ ಉಪಸ್ವರಗಳೂ ಇದ್ದು ಅದು ನಾಲಗೆವಾದ್ಯದ ಧ್ವನಿಗೆ ಹತ್ತಿರವಾಗುತ್ತದೆ. ಷಡ್ಜಕ್ಕೊಂದು, ಪಂಚಮಕ್ಕೊಂದು, ತಾರಷಡ್ಜಕ್ಕೊಂದು ಅಲೆಯನ್ನು ಪಡೆದು, ಪ್ರತಿಯೊಂದರ ಮಟ್ಟವನ್ನು ಹೆಚ್ಚು ಕಡಿಮೆ ಮಾಡಿ ಬೆರೆಸಿದರೆ ಶ್ರುತಿ ಸಿದ್ಧವಾಗುತ್ತದೆ. ಸಿಂಥಸೈಸರಿನಲ್ಲಿ ನಾದವನ್ನು ಕಟ್ಟುವ ಕ್ರಮವೂ ಮೂಲತಃ ಇದೇ.

ಲೆಕ್ಕದ ಒಂದು ಉದಾಹರಣೆಯಿಂದ ಇದರ ಸೂಕ್ಷ್ಮ ಸ್ಪಷ್ಟವಾಗುತ್ತದೆ. ‘ಕಪ್ಪು ಎರಡು’ ಶ್ರುತಿಯಲ್ಲಿ ಗಂಡಸಿನ ಕಂಠದ ಮಧ್ಯಷಡ್ಜ ಸೆಕೆಂಡಿಗೆ ಸುಮಾರು 155.6 ಕಂಪನಗಳದ್ದು. ಶುದ್ಧ ಪಂಚಮ ಅದರ ಒಂದೂವರೆ ಪಟ್ಟು, ಅಂದರೆ 233.4. ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿ ಹೊಂದಿಸಿದ ಹಾರ್ಮೋನಿಯಮ್ಮಿನಲ್ಲಾದರೋ ಪಂಚಮ 233.1ರ ಸಮೀಪ ನಿಲ್ಲುತ್ತದೆ. ವ್ಯತ್ಯಾಸ ಅತ್ಯಲ್ಪ. ಆದರೂ ಷಡ್ಜದ ಮೂರನೆಯ ಉಪಸ್ವರವೂ ಪಂಚಮದ ಎರಡನೆಯ ಉಪಸ್ವರವೂ ಒಂದಕ್ಕೊಂದು ತಾಗಿ ಸುಮಾರು ಎರಡು ಸೆಕೆಂಡಿಗೊಮ್ಮೆ ಏರಿಳಿಯುವ ಮಂದ ಅಲೆಯೊಂದು ಏಳುತ್ತದೆ. ಆಂದೋಲಕಗಳನ್ನು ಶುದ್ಧ ಪ್ರಮಾಣಕ್ಕೆ ಹೊಂದಿಸಿದರೆ ಈ ಅಲೆ ಇಲ್ಲವಾಗಿ ಶ್ರುತಿ ನಿಶ್ಚಲವಾಗುತ್ತದೆ. ಈ ನಿಶ್ಚಲತೆ ಗುಣವೋ ಕೊರತೆಯೋ ಎಂಬುದು ಚರ್ಚಾಸ್ಪದ. ಪುಂಗಿಯ ಶ್ರುತಿ ಊದುವವನ ಉಸಿರಿನೊಡನೆ ತುಸುವಾದರೂ ಅಲುಗುತ್ತಿದ್ದಿರಬೇಕು. ಆ ಅಲುಗಾಟವೂ ಕೇಳುಗನ ಕಿವಿಗೆ ನಾದದ ಒಂದು ಭಾಗವೇ ಆಗಿತ್ತು.

ಅಲೆಯ ಆಕಾರ ಬಯಲಿನಲ್ಲಿ ಇನ್ನೂ ಹೆಚ್ಚಿನ ಮಹತ್ವ ಪಡೆಯುತ್ತದೆ. ಮರದ ಕೊಂಬೆಗೋ ಬಿದಿರುಗಳುವಿಗೋ ಕಟ್ಟುತ್ತಿದ್ದ ಹಾರ್ನ್‌ಗಳು ಸುಮಾರು 300 ಕಂಪನಗಳಿಗಿಂತ ಕೆಳಗಿನ ನಾದವನ್ನು ಸಮರ್ಥವಾಗಿ ಹೊರಡಿಸಲಾರವು. ಹಾಗಾದರೆ 155.6 ಕಂಪನಗಳ ಷಡ್ಜ ದೂರದ ಪ್ರೇಕ್ಷಕನಿಗೆ ಕೇಳಿಸುವುದು ಹೇಗೆ? ಮೂಲಸ್ವರ ತಲುಪದಿದ್ದರೂ 311, 467, 622ರಂತಹ ಉಪಸ್ವರಗಳು ತಲುಪುತ್ತವೆ. ಅವುಗಳ ಅಂತರದಿಂದ ಕಿವಿಯೇ ಮೂಲಷಡ್ಜವನ್ನು ಊಹಿಸಿಕೊಳ್ಳುತ್ತದೆ. ನಾಲಗೆವಾದ್ಯದಂತೆ ಉಪಸ್ವರಗಳು ತುಂಬಿದ ಶ್ರುತಿ ಹಾರ್ನಿನಲ್ಲೂ ಬದುಕುತ್ತದೆ. ಸೈನ್ ಅಲೆಯ ಶ್ರುತಿ ಸತ್ತೇಹೋಗುತ್ತದೆ. ತಂಬೂರಿಯ ಮೀಟಿಗಿಂತ ಎಡೆಬಿಡದೆ ಮೊರೆಯುವ ನಾಲಗೆಯ ನಾದವೇ ಯಕ್ಷಗಾನಕ್ಕೆ ಒಗ್ಗಿಬಂದುದಕ್ಕೆ ಸಂಪ್ರದಾಯದ ಒಲವಿನೊಡನೆ ಈ ಭೌತಿಕ ಅನುಕೂಲವೂ ಸೇರಿರಬೇಕು.

ಇದೇ ಹಾರ್ನು ಮದ್ದಳೆಗೆ ಅನ್ಯಾಯ ಮಾಡಿತು. ಮದ್ದಳೆಯ ಬಲಮುಚ್ಚಿಗೆ ಕರಣೆಯ ಬಲದಿಂದ ಷಡ್ಜಕ್ಕೆ ನಿಲ್ಲುವಂಥದು. ಎಡಮುಚ್ಚಿಗೆಯದು ತಗ್ಗಿನ ಗುಂಭನಾದ. ಹಾರ್ನಿನಲ್ಲಿ ಬಲದ ಹೊಡೆತಗಳು ಚುರುಕಾಗಿ ಹಾಯ್ದು ಬಂದರೆ ಎಡದ ಗುಂಭ ಹಿಂದೆಯೇ ಉಳಿಯಿತು. ದೊಡ್ಡ ಬಾಕ್ಸ್ ಸ್ಪೀಕರುಗಳು ಬಂದ ಮೇಲೆ ಪರಿಸ್ಥಿತಿ ತಿರುವುಮುರುವಾಯಿತು: ತಗ್ಗಿನ ನಾದ ಅಗತ್ಯಕ್ಕಿಂತ ಹೆಚ್ಚಾಗಿ, ಪದ್ಯದ ಸಾಹಿತ್ಯವೇ ಮಸುಕಾಗುವ ಅಪಾಯ ಎದುರಾಯಿತು. ವಾದ್ಯ ಅದೇ, ಕೈಯೂ ಅದೇ. ಪ್ರೇಕ್ಷಕ ಕೇಳಿದ ಮದ್ದಳೆ ಮಾತ್ರ ಬೇರೆ.

ಮಿಕ್ಸರ್ ಇಲ್ಲದ ಕಾಲದಲ್ಲಿ ಪ್ರಮಾಣವಿರಲಿಲ್ಲ ಎಂದಲ್ಲ. ಅದನ್ನು ಸಾಧಿಸುತ್ತಿದ್ದ ದಾರಿ ಬೇರೆಯಾಗಿತ್ತು. ಮದ್ದಳೆ ಭಾಗವತರ ಪಕ್ಕದಲ್ಲೇ ಇದ್ದು ಉದ್ದಕ್ಕೂ ನುಡಿಯುತ್ತಿತ್ತು. ಚಂಡೆ ತುಸು ಅಂತರದಲ್ಲಿದ್ದು ಒಡ್ಡೋಲಗ, ಯುದ್ಧ, ವೀರ ರೌದ್ರಗಳ ಸಂದರ್ಭದಲ್ಲಿ ಸೇರಿಕೊಳ್ಳುತ್ತಿತ್ತು. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಧ್ವನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ; ಹೀಗಾಗಿ ವಾದಕ ಕುಳಿತುಕೊಳ್ಳುವ ಜಾಗವೇ ಒಂದು ಮಟ್ಟನಿಯಂತ್ರಕ. ಬಡಗಿನಲ್ಲಿ ಚಂಡೆಯನ್ನೂ ಭಾಗವತರ ಶ್ರುತಿಗೆ ಹೊಂದಿಸಿ ಬಿಗಿಯುವ ಕ್ರಮವಿರುವುದರಿಂದ ಅದರ ಅಬ್ಬರ ಹಾಡಿಗೆ ವಿರೋಧವಾಗದೆ ಬೆಂಬಲವಾಗುತ್ತಿತ್ತು. ಭಾಗವತರು ಏರುಶ್ರುತಿಯಲ್ಲಿ ಹಾಡುತ್ತಿದ್ದುದಕ್ಕೂ ಇದೇ ನ್ಯಾಯ: ಕಿವಿ ಹೆಚ್ಚು ಸೂಕ್ಷ್ಮವಾಗಿರುವ ಎತ್ತರದ ನಾದವೇ ವಾದ್ಯಗಳ ನಡುವಿನಿಂದ ಹಾಯ್ದು ದೂರ ಹೋಗಬಲ್ಲದು. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು, ಮುಂದೆ ಅವರೇ ತಮ್ಮ ಪ್ರಯೋಗಗಳಲ್ಲಿ ಪಿಟೀಲು, ಸ್ಯಾಕ್ಸೋಫೋನ್‌ಗಳನ್ನು ಹಿಮ್ಮೇಳಕ್ಕೆ ಸೇರಿಸಿದಾಗ ವಿವಾದವೆದ್ದಿತು. ಹೊಸ ವಾದ್ಯ ಎಲ್ಲರ ಕಣ್ಣಿಗೆ ಬೀಳುವುದರಿಂದ ವಾದಕ್ಕೆ ವಸ್ತುವಾಗುತ್ತದೆ. ಇದ್ದ ವಾದ್ಯಗಳ ಪ್ರಮಾಣವನ್ನೇ ಬದಲಿಸಿದ ಮಿಕ್ಸರಿನ ಬಗೆಗೆ ಅಂತಹ ವಾದ ಏಳಲಿಲ್ಲ. ಇದು ವಿಚಿತ್ರವಾದರೂ ಸಹಜ.

ಮಿಕ್ಸರಿನಲ್ಲಿ ಪ್ರತಿ ಮೈಕಿಗೆ ಒಂದು ದಾರಿ, ಪ್ರತಿ ದಾರಿಗೆ ಒಂದು ಮಟ್ಟ. ಭಾಗವತರಿಗೊಂದು, ಮದ್ದಳೆಗೊಂದೆರಡು, ರಂಗದ ಮೇಲೆ ಅರ್ಥ ಹೇಳುವ ಪಾತ್ರಧಾರಿಗಳಿಗೆ ತೂಗುಬಿಟ್ಟ ಕೆಲವು ಮೈಕುಗಳು ಇರುತ್ತವೆ. ಯಾವ ದಾರಿಯನ್ನು ಎಷ್ಟು ಏರಿಸಿದರೆ ಏನಾಗುತ್ತದೆ ಎಂಬುದು ತೋರುವಷ್ಟು ಸರಳವಲ್ಲ. ಭಾಗವತರ ಬಾಯಿ ಮೈಕಿನಿಂದ ಅರ್ಧ ಅಡಿ, ಚಂಡೆ ಎಂಟು ಅಡಿ ದೂರದಲ್ಲಿದೆ ಎಂದಿಟ್ಟುಕೊಂಡರೆ, ದೂರದ ಅನುಪಾತ ಹದಿನಾರು ಪಟ್ಟು. ಇದರಿಂದ ಭಾಗವತರ ಧ್ವನಿಗೆ ಸುಮಾರು 24 ಡೆಸಿಬೆಲ್‌ಗಳ ಅನುಕೂಲ ದೊರೆಯುತ್ತದೆ. ಭಾಗವತರು ಒಂದು ಅಡಿಗೆ ಹಿಂದೆ ಸರಿದರೆ ಅದರಲ್ಲಿ 6 ಡೆಸಿಬೆಲ್ ಕಳೆದುಹೋಗುತ್ತದೆ. ಆಗ ಮೈಕ್‌ಸೆಟ್ಟಿನವನು ಅವರ ದಾರಿಯನ್ನು ಏರಿಸುತ್ತಾನೆ. ಏರಿಸಿದಾಗ ಆ ಮೈಕಿನೊಳಗೆ ಸೋರಿಬಂದ ಚಂಡೆಯೂ ಏರುತ್ತದೆ. ಒಮ್ಮೆ ಬೆರೆತ ನಾದವನ್ನು ಮಿಕ್ಸರ್ ಬೇರ್ಪಡಿಸಲಾರದು. ಸಮತೋಲ ಇಂದಿಗೂ ಮೊದಲು ರಂಗದ ಮೇಲೆ ಏರ್ಪಡಬೇಕು. ಇದನ್ನು ಅರಿತ ಭಾಗವತರು ಮೈಕನ್ನು ಬಾಯಿಯ ಹತ್ತಿರದಲ್ಲೇ ಇರಿಸಿಕೊಂಡು, ಏರುಸ್ವರದಲ್ಲಿ ಮಾತ್ರ ಮುಖವನ್ನು ತುಸು ಓರೆ ಮಾಡುತ್ತಾರೆ. ಇದೂ ಈಗ ಹಾಡುಗಾರಿಕೆಯ ಒಂದು ವಿದ್ಯೆ.

ಮಲೆನಾಡಿನ ಹವೆ ಇದಕ್ಕೆ ಇನ್ನೊಂದು ತೊಡಕನ್ನು ಸೇರಿಸುತ್ತದೆ. ರಾತ್ರಿ ಇಬ್ಬನಿ ಇಳಿದಂತೆ ಚರ್ಮ ತೇವ ಹೀರಿ ಸಡಿಲಗೊಂಡು ವಾದ್ಯದ ಶ್ರುತಿ ಇಳಿಯುತ್ತದೆ. ಯಂತ್ರದ ಶ್ರುತಿ ಇಳಿಯುವುದಿಲ್ಲ. ಹಳೆಯ ಆಂದೋಲಕ ಪೆಟ್ಟಿಗೆಗಳಲ್ಲಿ ಶಾಖದ ಏರುಪೇರಿನಿಂದ ಶ್ರುತಿ ಜಾರುವುದಿತ್ತು, ಆಗ ಸೂಕ್ಷ್ಮಶ್ರುತಿಯ ತಿರುಪನ್ನು ತಿರುಗಿಸಬೇಕಾಗುತ್ತಿತ್ತು; ಡಿಜಿಟಲ್ ಪೆಟ್ಟಿಗೆಗಳಲ್ಲಿ ಮತ್ತು ಈಚಿನ ಮೊಬೈಲ್ ಫೋನಿನ ಶ್ರುತಿಯಲ್ಲಿ ಅದೂ ಇಲ್ಲ. ಭಾಗವತರು ಬದಲಾದಾಗ ಯಂತ್ರ ಕ್ಷಣಾರ್ಧದಲ್ಲಿ ಬೇರೆ ಮನೆಗೆ ಹೋಗುತ್ತದೆ. ಮದ್ದಳೆಗಾರ ಮಾತ್ರ ಬೇರೆ ಬೇರೆ ಶ್ರುತಿಯ ಮದ್ದಳೆಗಳನ್ನು ಹೊತ್ತು ತಿರುಗಬೇಕು.

ಯಂತ್ರದ ಹಂಗಿಲ್ಲದ ಗಾಯನವೂ ಇದೇ ನೆಲದಲ್ಲಿದೆ. ದೀಪಾವಳಿಯ ರಾತ್ರಿಗಳಲ್ಲಿ ದೀಪ ಹಿಡಿದು ಮನೆಮನೆಗೆ ಹೋಗುವ ಅಂಟಿಕೆ-ಪಂಟಿಕೆಯವರಿಗೆ ಶ್ರುತಿಪೆಟ್ಟಿಗೆಯಿಲ್ಲ. ಮುಂದಾಳು ಎತ್ತಿಕೊಟ್ಟ ಸ್ವರವನ್ನು ಹಿಂದಿನವರು ಹಿಡಿದು ಮರಳಿಸುತ್ತಾರೆ. ಆ ಮರಳಿಕೆಯೇ ಶ್ರುತಿ. ಜಗಲಿಯ ತಾಳಮದ್ದಳೆಯಲ್ಲಿ ಮೈಕಿಲ್ಲದ ಮದ್ದಳೆಯ ಎಡಬಲಗಳ ನಿಜವಾದ ಅನುಪಾತವನ್ನು ಇನ್ನೂ ಕೇಳಬಹುದು.

ಧ್ವನಿವರ್ಧಕ ಅನಿವಾರ್ಯವೆನಿಸಿದ ಮೇಲೆ ಕಾನೂನಿನ ನಿರ್ಬಂಧವೂ ಆಟದ ಸ್ವರೂಪವನ್ನು ತಟ್ಟಿತು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವನ್ನು ನಿಷೇಧಿಸಿ, ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬೆಲ್‌ಗಳ ಮಿತಿಯನ್ನು ಹೇಳಿದವು. 2005ರ ಜುಲೈನಲ್ಲಿ ಸುಪ್ರೀಂ ಕೋರ್ಟು ಈ ನಿರ್ಬಂಧವನ್ನು ಎತ್ತಿಹಿಡಿಯಿತು. 2022ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಇವುಗಳ ಪಾಲನೆಗೆ ಆದೇಶಿಸಿದಾಗ ಇಡೀ ರಾತ್ರಿಯ ಆಟಕ್ಕೆ ಇಕ್ಕಟ್ಟು ಹೆಚ್ಚಿತು. ಕಾಲಮಿತಿಯ ಪ್ರಯೋಗಗಳು ಮೊದಲೇ ರೂಢಿಗೆ ಬಂದಿದ್ದವು. ಅವಕ್ಕೆ ಈಗ ಇನ್ನೊಂದು ಕಾರಣ ಸೇರಿಕೊಂಡಿತು.

ಸಂಶೋಧಕರ ಮಟ್ಟಿಗೆ ಇದರ ತಾತ್ಪರ್ಯ ಧ್ವನಿಮುದ್ರಣಗಳ ಓದಿನಲ್ಲಿದೆ. ಗುಂಡ್ಮಿ ಕಾಳಿಂಗ ನಾವಡರ (1958–1990) ಕಾಲದಿಂದ ಕ್ಯಾಸೆಟ್ಟುಗಳು ಮನೆಮನೆಗೆ ಹರಡಿ, ಈಗ ಹಲವು ಸಂಗ್ರಹಗಳಲ್ಲಿ ಆಕರಸಾಮಗ್ರಿಯಾಗಿ ಸೇರಿವೆ. ಅವುಗಳಲ್ಲಿ ಕೇಳಿಸುವುದು ಹಿಮ್ಮೇಳದ ಪ್ರಮಾಣವಲ್ಲ, ಮೈಕುಗಳ ಪ್ರಮಾಣ. ಪ್ರೇಕ್ಷಕರ ನಡುವೆ ಕುಳಿತು ಮಾಡಿದ ಮುದ್ರಣದಲ್ಲಿ ಚಂಡೆ ಎಲ್ಲವನ್ನೂ ಮುಚ್ಚಬಹುದು. ಮಿಕ್ಸರಿನಿಂದ ತಂತಿಯೆಳೆದು ನೇರವಾಗಿ ಮಾಡಿದ ಮುದ್ರಣದಲ್ಲಿ ಅದೇ ಚಂಡೆ ದೂರದ ಗುಡ್ಡದಾಚೆ ನುಡಿದಂತೆ ಕ್ಷೀಣವಾಗಿರುತ್ತದೆ. ವಾದಕ ಮೆಲ್ಲಗೆ ಬಾರಿಸಿದನೆಂದು ಇದರಿಂದ ತೀರ್ಮಾನಿಸುವಂತಿಲ್ಲ. ತಾನಾಗಿಯೇ ಬಯಲು ತುಂಬುವ ಚಂಡೆಗೆ ಆ ರಾತ್ರಿ ಮೈಕನ್ನೇ ಇಟ್ಟಿರಲಿಕ್ಕಿಲ್ಲ.