ಗುಡುಗುಮೋಡದ ನಡುವೆ ಮಾತಿನ ಶಿಸ್ತು

ಏಪ್ರಿಲ್–ಮೇ ತಿಂಗಳುಗಳಲ್ಲಿ ಕೊಳ್ಳೇಗಾಲದ ಮುಳ್ಳೂರು ಸೀಮೆಯಿಂದ ಬೆಂಗಳೂರಿನವರೆಗೂ ಬಿಸಿಲಿಗೆ ಕಾದ ಗಾಳಿ ಮೇಲೇರಿ ಗುಡುಗುಮೋಡ ಕಟ್ಟುತ್ತದೆ. ಅದರೊಳಗೆ ಆಲಿಕಲ್ಲೂ ವಿಮಾನವನ್ನೇ ಎತ್ತಿ ಕುಕ್ಕುವ ಗಾಳಿಯೂ ಇರಬಹುದಾದ್ದರಿಂದ, ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬರುವ ಪೈಲಟ್ ಮೋಡವನ್ನು ಬಳಸಿ ಹೋಗಲು ವಾಯು ಸಂಚಾರ ನಿಯಂತ್ರಕರ ಅನುಮತಿ ಕೇಳುತ್ತಾರೆ. ವಿಮಾನದ ಮೂತಿಯಲ್ಲಿರುವ ರೇಡಾರ್ ಮುಂದಿನ ಮೋಡವನ್ನು ತೋರಿಸಿದರೆ, ನಿಯಂತ್ರಕರ ಪರದೆ ಮುಖ್ಯವಾಗಿ ಸುತ್ತಲಿನ ವಿಮಾನಗಳನ್ನು ತೋರಿಸುತ್ತದೆ. ಆದ್ದರಿಂದ ಎಷ್ಟು ಮೈಲಿ, ಎಡಕ್ಕೋ ಬಲಕ್ಕೋ ಎಂಬುದನ್ನು ಪೈಲಟ್ ಸ್ಪಷ್ಟವಾಗಿ ಹೇಳಬೇಕು, ನಿಯಂತ್ರಕರ ಸೂಚನೆಯನ್ನು ಹಾಗೆಯೇ ಮರುನುಡಿಯಬೇಕು.

ಪ್ರಾಣಾಪಾಯವಿದ್ದರೆ ‘ಮೇಡೇ’ ಎಂದೂ, ಅದಕ್ಕಿಂತ ಕೆಳಗಿನ ತುರ್ತಿಗೆ ‘ಪ್ಯಾನ್ ಪ್ಯಾನ್’ ಎಂದೂ ಮೂರು ಬಾರಿ ಹೇಳುವುದು ಪದ್ಧತಿ. ಇಲ್ಲಿ ಸಂಕೋಚ ದೊಡ್ಡ ತಪ್ಪೇ ಸರಿ. 1990ರ ಜನವರಿ 25ರಂದು, ಕೆಟ್ಟ ಹವೆಯಿಂದಾಗಿ ಒಂದು ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲೇ ಸುತ್ತಬೇಕಾದ ಏವಿಯಾಂಕಾ ವಿಮಾನಸಂಸ್ಥೆಯ ಫ್ಲೈಟ್ 52ರ ಸಿಬ್ಬಂದಿ ಇಂಧನ ಮುಗಿಯುತ್ತಿದೆ ಎಂದರೇ ಹೊರತು ತುರ್ತುಸ್ಥಿತಿ ಘೋಷಿಸಲಿಲ್ಲ. ನ್ಯೂಯಾರ್ಕ್ ಬಳಿ ವಿಮಾನ ಬಿದ್ದು 73 ಮಂದಿ ಸತ್ತರು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಇದೆ. 2025ರ ಮೇ 21ರಂದು ದೆಹಲಿಯಿಂದ ಶ್ರೀನಗರಕ್ಕೆ ಹೊರಟಿದ್ದ ಇಂಡಿಗೋ ವಿಮಾನ ಆಲಿಕಲ್ಲಿನ ಮೋಡ ತಪ್ಪಿಸಲು ಪಾಕಿಸ್ತಾನದ ವಾಯುಸೀಮೆಗೆ ಪ್ರವೇಶ ಕೇಳಿದಾಗ ಲಾಹೋರ್ ನಿಯಂತ್ರಣ ಕೇಂದ್ರ ನಿರಾಕರಿಸಿತು. ಆಲಿಕಲ್ಲಿನ ಹೊಡೆತಕ್ಕೆ ಮೂತಿ ಜಜ್ಜಿಹೋದ ಆ ವಿಮಾನ ತುರ್ತುಸ್ಥಿತಿ ಘೋಷಿಸಿ ಶ್ರೀನಗರದಲ್ಲಿ ಸುರಕ್ಷಿತವಾಗಿ ಇಳಿಯಿತು.