ಋಣ ಫಲಕದಲ್ಲಿ ಒಂದಿಷ್ಟು ಮಸಿ

ಸೀಸ-ಆಮ್ಲ ಬ್ಯಾಟರಿಗೆ ಇಂಗಾಲ ಹೊಸ ನೆಂಟನೇನಲ್ಲ. ಋಣ ಫಲಕಕ್ಕೆ ಮೆತ್ತುವ ಸೀಸದ ಪೇಸ್ಟಿನಲ್ಲಿ ಬೇರಿಯಂ ಸಲ್ಫೇಟ್, ಮರದಿಂದ ತೆಗೆದ ಲಿಗ್ನಿನ್, ಇವುಗಳ ಜೊತೆ ಶೇ 0.2ರ ಆಸುಪಾಸಿನಲ್ಲಿ ಕಾರ್ಬನ್ ಬ್ಲ್ಯಾಕ್ ಎಂಬ ಮಸಿಪುಡಿಯನ್ನು ಕಲಸುವುದು ದಶಕಗಳ ರೂಢಿ. ಈಗ ಅದೇ ಇಂಗಾಲ ಪ್ರಮಾಣದಲ್ಲಿ ಹೆಚ್ಚಿ, ‘ಲೆಡ್-ಕಾರ್ಬನ್’ ಎಂಬ ಹೆಸರಾಗಿ ಬ್ಯಾಟರಿಯ ಮೈಮೇಲೆ ಕುಳಿತಿದೆ. ಇಂಗಾಲ ಬಿದ್ದರೆ ಯಾವ ಬ್ಯಾಟರಿಯಾದರೂ ಉತ್ತಮವಾಗುತ್ತದೆ ಎಂದು ಕೊಳ್ಳುವವರು ತಿಳಿದರೆ ಅದು ಅರ್ಧ ಸತ್ಯ. ಇಂಗಾಲ ವಾಸಿ ಮಾಡುವುದು ಒಂದೇ ಒಂದು ಕಾಯಿಲೆಯನ್ನು: ಪೂರ್ತಿ ಚಾರ್ಜ್ ಆಗದೆಯೇ ದುಡಿಯುವ ಬ್ಯಾಟರಿಗೆ ತಗಲುವ ಸಲ್ಫೇಷನ್.

ಬ್ಯಾಟರಿಯಿಂದ ವಿದ್ಯುತ್ ಎಳೆದಾಗ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಮರಳಿ ಚಾರ್ಜ್ ಮಾಡುವಾಗ ಈ ಸಲ್ಫೇಟ್ ಮೊದಲು ಆಮ್ಲದಲ್ಲಿ ಕರಗಬೇಕು. ಆಮೇಲಷ್ಟೇ ಅದು ಋಣ ಫಲಕದಲ್ಲಿ ಸೀಸ, ಧನ ಫಲಕದಲ್ಲಿ ಸೀಸದ ಡೈಆಕ್ಸೈಡ್ ಆಗುತ್ತದೆ. ಆಗತಾನೇ ಕೂತ ಹರಳುಗಳು ಸಣ್ಣವು, ಬೇಗ ಕರಗುತ್ತವೆ. ಹಾಗೇ ಬಿಟ್ಟರೆ ಚಿಕ್ಕವು ಕರಗಿ ದೊಡ್ಡವಕ್ಕೆ ಸೇರಿಕೊಳ್ಳುತ್ತಾ ಹೋಗಿ, ಕೊನೆಗೆ ಸಕ್ಕರೆಪುಡಿ ಇದ್ದಲ್ಲಿ ಕಲ್ಲುಸಕ್ಕರೆ ಉಳಿದಂತಾಗುತ್ತದೆ. ಇದೇ ಸಲ್ಫೇಷನ್. ಕರಗುವಿಕೆ ನಿಧಾನವಾದರೆ ಚಾರ್ಜರ್ ತಳ್ಳುವ ವಿದ್ಯುತ್ತಿಗೆ ಕೆಲಸ ಸಿಗದೆ ಅದು ನೀರನ್ನು ಒಡೆಯತೊಡಗುತ್ತದೆ. ಧನ ಫಲಕದ ಸೀಸದ ಡೈಆಕ್ಸೈಡಿಗೆ ಗ್ರಾಂ ಲೆಕ್ಕದಲ್ಲಿ ಮೇಲ್ಮೈ ಹಲವು ಪಟ್ಟು ಹೆಚ್ಚು, ಅದು ಹೇಗೋ ನಿಭಾಯಿಸುತ್ತದೆ. ಸೋಲುವುದು ಋಣ ಫಲಕ. ಹೈಬ್ರಿಡ್ ಕಾರಿನಲ್ಲಿ ಈ ಸೋಲು ಅನಿವಾರ್ಯವೇ ಸರಿ. ಬ್ರೇಕ್ ಹಾಕಿದಾಗ ಹುಟ್ಟುವ ವಿದ್ಯುತ್ತಿಗೆ ಜಾಗ ಬೇಕಾದ್ದರಿಂದ ಆ ಬ್ಯಾಟರಿಯನ್ನು ಬೇಕೆಂದೇ ತುಂಬಿಸದೆ ಇಟ್ಟಿರುತ್ತಾರೆ.

1990ರ ದಶಕದಲ್ಲಿ ಜಪಾನಿನ ಸಂಶೋಧಕರು ಮಸಿಯ ಪ್ರಮಾಣವನ್ನು ರೂಢಿಗಿಂತ ಹಲವು ಪಟ್ಟು ಏರಿಸಿ ನೋಡಿದಾಗ, ಋಣ ಫಲಕದಲ್ಲಿ ಸಲ್ಫೇಟ್ ಜಮೆಯಾಗುವುದು ತಗ್ಗಿ ಬಾಳಿಕೆ ಹೆಚ್ಚಿತು. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆ ಇನ್ನೂ ಮುಂದೆ ಹೋಗಿ, ಒಂದೇ ಕೋಶದೊಳಗೆ ಸೀಸದ ಜೊತೆ ಇಂಗಾಲದ ಕೆಪಾಸಿಟರ್ ಫಲಕವನ್ನೂ ಜೋಡಿಸಿದ ‘ಅಲ್ಟ್ರಾಬ್ಯಾಟರಿ’ಯನ್ನು ರೂಪಿಸಿತು. ಅದನ್ನು ಹೊತ್ತ ಹೋಂಡಾ ಇನ್‌ಸೈಟ್ ಹೈಬ್ರಿಡ್ ಕಾರು 2008ರ ಹೊತ್ತಿಗೆ ಇಂಗ್ಲೆಂಡಿನ ಪರೀಕ್ಷಾ ಹಾದಿಯಲ್ಲಿ ಒಂದು ಲಕ್ಷ ಮೈಲಿ ಓಡಿತ್ತು.

ಗುಣವೇನೋ ಕಂಡಿತು, ಕಾರಣ ಯಾವುದು? ಇಂಗಾಲ ವಿದ್ಯುತ್ ವಾಹಕ, ಸಲ್ಫೇಟ್ ಅಲ್ಲ, ಆದ್ದರಿಂದ ಮಸಿ ದಾರಿ ಮಾಡಿಕೊಡುತ್ತದೆ ಎಂಬುದು ಸುಲಭದ ಉತ್ತರ. ನನಗೆ ಅದು ಸಾಲದು. ಫಲಕದ ತುಂಬ ಇರುವ ಸೀಸ ಮಸಿಗಿಂತ ಎಷ್ಟೋ ಒಳ್ಳೆಯ ವಾಹಕ. ಅಲ್ಲದೆ ಜೆಕ್ ಸಂಶೋಧಕರು ಇಂಗಾಲದ ಬದಲು ವಿದ್ಯುತ್ತನ್ನು ಸರಿಯಾಗಿ ಹರಿಸದ ಟೈಟಾನಿಯಂ ಡೈಆಕ್ಸೈಡ್ ಬೆರೆಸಿದಾಗಲೂ ಬಾಳಿಕೆ ಹೆಚ್ಚಿತು. ಅಂದರೆ ರಂಧ್ರಗಳಲ್ಲಿ ಕೂತ ಕಣಗಳು ಹರಳು ದೊಡ್ಡದಾಗಲು ಜಾಗ ಕೊಡದಿರುವುದೂ ಕೆಲಸ ಮಾಡುತ್ತಿದೆ. ಬಲ್ಗೇರಿಯಾದ ಡೆಚ್ಕೊ ಪಾವ್ಲೊವ್ ಇನ್ನೊಂದು ದಿಕ್ಕು ತೋರಿದರು: ಸೀಸ ಇಂಗಾಲದ ಮೇಲ್ಮೈಯಲ್ಲೂ ಹುಟ್ಟಬಲ್ಲದು, ಹಾಗಾಗಿ ಚಾರ್ಜ್ ಕ್ರಿಯೆಗೆ ಸಿಗುವ ಜಾಗವೇ ಹಿಗ್ಗುತ್ತದೆ. ಮೂರನೆಯದು, ಥಟ್ಟನೆ ನುಗ್ಗುವ ವಿದ್ಯುತ್ತನ್ನು ಇಂಗಾಲ ಕೆಪಾಸಿಟರಿನಂತೆ ಕ್ಷಣಕಾಲ ಹಿಡಿದಿಡುವುದು. ಗ್ರಾಫೈಟ್, ಮಸಿ, ಆ್ಯಕ್ಟಿವೇಟೆಡ್ ಇಂಗಾಲ ಮೂರೂ ಇಂಗಾಲವೇ ಆದರೂ ಮೇಲ್ಮೈ, ಕಣದ ಗಾತ್ರ ಬೇರೆ ಬೇರೆ; ಯಾವ ಕಾರಣ ಎಷ್ಟು ಮುಖ್ಯ ಎಂಬುದು ಹಾಕಿದ್ದು ಯಾವುದು ಎಂಬುದರ ಮೇಲೆ ನಿಂತಿದೆ. ಒಂದೇ ಕಾರಣಕ್ಕೆ ಪಟ್ಟುಹಿಡಿದು ನಡೆದ ಎಷ್ಟೋ ವಾದಗಳು ಬೇರೆ ಬೇರೆ ಪುಡಿಗಳ ಬಗೆಗಿನ ವಾದಗಳು ಅಷ್ಟೆ.

ಇಷ್ಟು ಒಳ್ಳೆಯದಾದರೆ ಧಾರಾಳವಾಗಿ ಸುರಿಯಬಾರದೇಕೆ? ಲೆಕ್ಕಪ್ರಕಾರ ನೀರು 1.23 ವೋಲ್ಟಿಗೇ ಒಡೆಯಬೇಕು. ಸೀಸ-ಆಮ್ಲ ಕೋಶ 2 ವೋಲ್ಟಿಗೂ ಮೇಲಿದ್ದು ಬಾಳುವುದಕ್ಕೆ ಮುಖ್ಯ ಕಾರಣ, ಸೀಸದ ಮೇಲ್ಮೈಯಲ್ಲಿ ಜಲಜನಕ ಹುಟ್ಟುವುದು ತೀರಾ ನಿಧಾನ ಎಂಬುದು. ಇಂಗಾಲದ ಮೇಲೆ ಅಷ್ಟು ತಡೆಯಿಲ್ಲ. ಹೀಗಾಗಿ ಇಂಗಾಲ ಹೆಚ್ಚಿದಷ್ಟೂ ಗ್ಯಾಸ್ ಹೆಚ್ಚು, ನೀರಿನ ನಷ್ಟ ಹೆಚ್ಚು. ಡಿಸ್ಟಿಲ್ಡ್ ವಾಟರ್ ಹಾಕಲು ಬಾರದ ಸೀಲ್ಡ್ ಬ್ಯಾಟರಿಗೆ ಇದು ದೊಡ್ಡ ಪೆಟ್ಟು. ಜೊತೆಗೆ ನುಣ್ಣನೆಯ ಇಂಗಾಲದ ಪುಡಿ ಲಿಗ್ನಿನ್ನನ್ನು ಹೀರಿಕೊಳ್ಳುವುದರಿಂದ ಚಳಿಯಲ್ಲಿ ಎಂಜಿನ್ ಎಬ್ಬಿಸುವ ಶಕ್ತಿ ಕುಗ್ಗಬಹುದು. ಇಂಗಾಲವನ್ನು ತುದಿಯವರೆಗೆ ಒಯ್ದವರೂ ಇದ್ದಾರೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ. ಶುಕ್ಲಾ ಮತ್ತು ಸಂಗಡಿಗರು ಋಣ ಫಲಕದಲ್ಲಿ ಸೀಸವನ್ನೇ ಬಿಟ್ಟು ಪೂರ್ತಿ ಇಂಗಾಲವಿಟ್ಟ ಅಲ್ಟ್ರಾಕೆಪಾಸಿಟರುಗಳನ್ನು ಮಾಡಿದ್ದಾರೆ. ಅಲ್ಲಿ ಋಣ ಫಲಕದ ಸಲ್ಫೇಷನ್ ಪ್ರಶ್ನೆಯೇ ಏಳುವುದಿಲ್ಲ. ಆದರೆ ಬ್ಯಾಟರಿಯಷ್ಟು ವಿದ್ಯುತ್ತೂ ಅದರಲ್ಲಿ ಹಿಡಿಸುವುದಿಲ್ಲ.

ಲಿಥಿಯಂ ಬಂದಮೇಲೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ತೂಕ ಮುಖ್ಯವಾದ ಕಡೆ ಅವರ ಮಾತು ಸರಿ. ಒಂದೇ ಜಾಗದಲ್ಲಿ ಕೂರುವ ಬ್ಯಾಟರಿಗೆ ಬೆಲೆಯೂ, ಸೀಸವನ್ನು ಕರಗಿಸಿ ಮತ್ತೆ ಬಳಸಬಹುದೆಂಬ ಅನುಕೂಲವೂ ಇನ್ನೂ ತೂಗುತ್ತವೆ. ಆದರೆ ಅಲ್ಲೂ ಬಳಕೆ ನೋಡಿಯೇ ಇಂಗಾಲಕ್ಕೆ ಹಣ ಕೊಡಬೇಕು. ಕರೆಂಟು ಅಪರೂಪಕ್ಕೆ ಹೋಗುವ ಮನೆಯ ಇನ್ವರ್ಟರ್ ಬ್ಯಾಟರಿ ಸದಾ ತುಂಬಿಯೇ ಇರುತ್ತದೆ. ಕಲಬುರಗಿಯಂಥ ಸೆಕೆಯ ಊರಿನಲ್ಲಿ ಅದು ಸಾಯುವುದು ಹೆಚ್ಚಾಗಿ ಧನ ಫಲಕದ ಜಾಲರಿ ಸವೆದು, ಆ ಸವೆತಕ್ಕೆ ಋಣ ಫಲಕದ ಇಂಗಾಲ ಏನೂ ಮಾಡಲಾರದು. ಮಲೆನಾಡಿನ ಮಳೆಗಾಲದಲ್ಲಿ ವಾರಗಟ್ಟಲೆ ಪೂರ್ತಿ ಬಿಸಿಲು ಕಾಣದ ಸೋಲಾರ್ ಮನೆಯ ಬ್ಯಾಟರಿಗಾದರೆ ಕೊಟ್ಟ ಹೆಚ್ಚುವರಿ ದುಡ್ಡು ಗಿಟ್ಟುತ್ತದೆ.