ನರತಂತುವಿನ ಬಿಗಿಯನ್ನು ಅಳೆಯುವ ಬಗೆ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣದ ಸೀಮೆಯಲ್ಲಿ ತೆಂಗಿನ ಮರವನ್ನೇರಿ ಗೊನೆಗೆ ಕೈ ಚಾಚುವವನ ತೋಳಿನಲ್ಲಾಗಲಿ, ಅರಕಲಗೂಡಿನ ಹೊಲಗಳಲ್ಲಿ ಬಗ್ಗಿ ಹೊಗೆಸೊಪ್ಪು ಮುರಿಯುವವಳ ಸೊಂಟದಿಂದ ಕಾಲಿಗಿಳಿಯುವ ನರದಲ್ಲಾಗಲಿ, ದಪ್ಪದಲ್ಲಿ ಮಿಲಿಮೀಟರಿನ ಸಾವಿರದ ಕೆಲವೇ ಪಾಲಿನಷ್ಟಿದ್ದು ಉದ್ದದಲ್ಲಿ ಮೀಟರಿನವರೆಗೂ ಹಬ್ಬಬಲ್ಲ ತಂತುಗಳು ಪ್ರತಿಯೊಂದು ಚಲನೆಗೂ ಹಿಗ್ಗಿ ಕುಗ್ಗುತ್ತಿರುವುವು, ಆದರೂ ಹರಿಯವು. ಏಕೆ ಹರಿಯವೆಂಬುದು ಬರಿಯ ನೋಟಕ್ಕೆ ದಕ್ಕುವ ವಿಷಯವಲ್ಲ. ಎಳೆಯಬೇಕು, ಎಳೆಯುತ್ತಲೇ ಅಳೆಯಬೇಕು.

ಜೀವಂತ ಕೋಶವನ್ನು ಹೀಗೆ ಸೂಕ್ಷ್ಮದರ್ಶಕದ ಕೆಳಗೆ ಕೆಣಕಿ ನೋಡುವ ವಿದ್ಯೆ ಹೊಸದಲ್ಲ. ಡಿಎನ್‌ಎಯಿಂದ ಜಗತ್ಪ್ರಸಿದ್ಧನಾಗುವ ಮುನ್ನವೇ, 1950ರಲ್ಲಿ, ಫ್ರಾನ್ಸಿಸ್ ಕ್ರಿಕ್ ಮತ್ತು ಆತನ ಸಂಗಡಿಗ ಹ್ಯೂಸ್, ಕೋಳಿಯ ಭ್ರೂಣಕೋಶಗಳೊಳಗೆ ಅಯಸ್ಕಾಂತೀಯ ಕಣಗಳನ್ನು ಸೇರಿಸಿ, ಹೊರಗಿನಿಂದ ಅವನ್ನು ತಿರುಗಿಸಿ, ಕೋಶರಸದ ಸ್ನಿಗ್ಧತೆಯನ್ನೂ ಸ್ಥಿತಿಸ್ಥಾಪಕತ್ವವನ್ನೂ ಪರೀಕ್ಷಿಸಿದ್ದರು.

ಕೋಳಿಗೂ ಈ ಶಾಸ್ತ್ರಕ್ಕೂ ಏನು ಋಣಾನುಬಂಧವೋ! ಸರ್ ಸಿ. ವಿ. ರಾಮನ್ನರು 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಪ್ರಮೋದ್ ಪುಲ್ಲರ್‌ಕಾಟ್ ಮತ್ತು ಸಹೋದ್ಯೋಗಿಗಳು ಆರಿಸಿಕೊಂಡದ್ದೂ ಕೋಳಿಭ್ರೂಣದ ನರಕೋಶಗಳನ್ನೇ. ಕೂದಲಿಗಿಂತ ಸಣ್ಣಗೆ ತೆಳುವಾಗಿಸಿದ ಗಾಜಿನ ಎಳೆಯೊಂದನ್ನು ತಂತುವಿಗೆ ಅಡ್ಡಲಾಗಿ ತಾಗಿಸಿ ಮೆಲ್ಲನೆ ಸರಿಸಿದರೆ, ತಂತು ಬಿಲ್ಲಿನಂತೆ ಬಾಗುವುದು, ಗಾಜಿನ ಎಳೆಯೂ ಒಂದಿಷ್ಟು ಬಾಗುವುದು. ಎಳೆಯ ಗಡಸುತನ ಮೊದಲೇ ತಿಳಿದಿರುವುದರಿಂದ, ಅದು ಬಾಗಿದಷ್ಟನ್ನು ಅಳೆದರೆ ತಂತುವಿನ ಬಿಗಿ ಲೆಕ್ಕಕ್ಕೆ ಸಿಕ್ಕುವುದು. ಇಲ್ಲಿ ತೂಗಬೇಕಾದುದು ನ್ಯಾನೋನ್ಯೂಟನ್ನುಗಳ ಬಲ. ಒಂದು ನ್ಯಾನೋನ್ಯೂಟನ್ ಎಂದರೆ ಗ್ರಾಮಿನ ಕೋಟಿಯಲ್ಲೊಂದು ಪಾಲಿನ ತೂಕ.

2020ರಲ್ಲಿ ಪ್ರಕಟವಾದ ಅವರ ಫಲಿತಾಂಶ ವಿಲಕ್ಷಣವೇ ಸರಿ. ಚರ್ಮದಂತಹ ಅಂಗಾಂಶಗಳು ಎಳೆದಷ್ಟೂ ಬಿರುಸಾದರೆ, ಈ ತಂತು ಎಳೆದಷ್ಟೂ ಮೃದುವಾಯಿತು. ಎಳೆದು ಹಿಡಿದಿದ್ದರೆ ಬಿಗಿ ತಾನಾಗಿಯೇ ಇಳಿಯಿತು. ಕಾರಣವನ್ನು ಅವರು ಗುರುತಿಸಿದ್ದು ಸ್ಪೆಕ್ಟ್ರಿನ್ ಎಂಬ ಪ್ರೋಟೀನಿನಲ್ಲಿ. ತಂತುವಿನ ಒಳಮೈಯಲ್ಲಿ ಸುಮಾರು 190 ನ್ಯಾನೋಮೀಟರಿಗೊಂದರಂತೆ ಆಕ್ಟಿನ್ ಎಂಬ ಮತ್ತೊಂದು ಪ್ರೋಟೀನಿನ ಬಳೆಗಳಿದ್ದು, ಬಳೆಯಿಂದ ಬಳೆಗೆ ಸ್ಪೆಕ್ಟ್ರಿನ್ ಬೆಸೆದಿರುವುದನ್ನು ಹಾರ್ವರ್ಡಿನ ಷಾವ್ವೇ ಝುವಾಂಗರ ತಂಡ 2013ರಲ್ಲೇ ಅತಿಸೂಕ್ಷ್ಮ ಬಿಂಬಗಳಲ್ಲಿ ಕಂಡಿತ್ತು. ಆ ಅಣುವಿನ ಮಡಿಕೆಗಳು ಎಳೆತಕ್ಕೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತ ಬಲವನ್ನು ನುಂಗುವುವು. ಎಳೆತ ತಗ್ಗಿದಾಗ ಮರಳಿ ಮಡಿಚಿಕೊಳ್ಳುವುವು.

ಈ ಮಾತಿಗೆ 2007ರ ಅಮೆರಿಕದ ಪ್ರಯೋಗವೊಂದು ಪುಷ್ಟಿಯೊದಗಿಸುತ್ತದೆ. ಬೀಟಾ-ಸ್ಪೆಕ್ಟ್ರಿನ್ ಇಲ್ಲದೆ ಹುಟ್ಟಿದ ಸಣ್ಣ ದುಂಡುಹುಳುಗಳಲ್ಲಿ, ಹರಿದಾಡುವ ಮಾತ್ರಕ್ಕೇ ನರತಂತುಗಳು ತುಂಡಾದುವು. ಅಂತಹವೇ ಹುಳುಗಳಿಗೆ ಪಾರ್ಶ್ವವಾಯು ಬರಿಸಿ ಚಲನೆಯನ್ನು ತಡೆದಾಗ, ತಂತುಗಳು ತುಂಡಾಗದೆ ಉಳಿದುವು.